ಕಾಡು ತುಂಡಾದರೆ ಪ್ರಾಣಿಗಳಿಗೆ ಏನಾಗುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ?

ಹೇಮಾವತಿ_ದಂಡೆ:

ನಮ್ಮ ಊರು ಸಕಲೇಶಪುರದ ಹತ್ತಿರ. ಕಾಡು, ಕಾಫಿ ತೋಟ, ಗದ್ದೆ, ಹೆದ್ದಾರಿ, ರೈಲು ಹಳಿ, ಈಗ ಎತ್ತಿನಹೊಳೆ ಪೈಪು, ಎಲ್ಲಾ ಒಂದರ ಪಕ್ಕ ಒಂದು. ಮೊನ್ನೆ ಒಂದು ರಸ್ತೆ ಅಗಲ ಮಾಡುವ ವಿಚಾರಕ್ಕೆ ಸಭೆ ಇತ್ತು. ಅಲ್ಲಿ ಒಬ್ಬರು ಪರದೆ ಮೇಲೆ ನಕ್ಷೆ ತೋರಿಸಿದರು. ಕೆಂಪು, ಹಳದಿ, ಹಸಿರು. ಹಸಿರು ಇರುವ ಕಡೆ ಪ್ರಾಣಿಗಳು ಓಡಾಡುತ್ತವೆ, ಕೆಂಪು ಇರುವ ಕಡೆ ಓಡಾಡುವುದಿಲ್ಲ, ರಸ್ತೆ ಬರುವುದು ಕೆಂಪಿನಲ್ಲಿ, ಹಾಗಾಗಿ ತೊಂದರೆ ಇಲ್ಲ ಅಂದರು. ಮಾಡೆಲ್ ಹಾಗೆ ಹೇಳುತ್ತದೆ ಅಂದರು. ಯಾವ ಪ್ರಾಣಿಯ ಲೆಕ್ಕ ಇದು ಅಂತ ಕೇಳಿದೆ. "ಒಟ್ಟಾರೆ ವನ್ಯಜೀವಿ" ಅಂತ ಉತ್ತರ ಬಂತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಹಾಗಾಗಿ ಲೆಕ್ಕ ಅಂದರೆ ಹೆದರಿಕೆ ಇಲ್ಲ. ಆದರೆ ಆ ಬಣ್ಣಗಳ ಹಿಂದೆ ಯಾವ ಲೆಕ್ಕ ಇದೆ ಅಂತ ಯಾರೂ ಹೇಳಲಿಲ್ಲ. ನಮ್ಮ ತೋಟಕ್ಕೆ ಮಂಗಟ್ಟೆ ಬರುತ್ತದೆ, ಕೆಂಜಳಿಲು ಇದೆ, ಪುನುಗು ಬೆಕ್ಕು ಕಾಫಿ ಹಣ್ಣು ತಿಂದು ಬೀಜ ಬಿಟ್ಟು ಹೋಗುತ್ತದೆ, ಆನೆಯಂತೂ ಬೇಡ ಅಂದರೂ ಬರುತ್ತದೆ. ಇದನ್ನೆಲ್ಲ "ಕಾಡಲ್ಲ" ಅಂತ ಒಂದೇ ಬಣ್ಣಕ್ಕೆ ಹಾಕಿದರೆ ಸರಿಯಾ? ಕಾಡು ತುಂಡು ತುಂಡಾದಾಗ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ಪರಿಸರ ವಿಜ್ಞಾನಿಗಳು ನಿಜಕ್ಕೂ ಹೇಗೆ ಅಂದಾಜು ಮಾಡುತ್ತಾರೆ? ಆ ಅಂದಾಜನ್ನು ಎಷ್ಟು ನಂಬಬಹುದು? ಗೊತ್ತಿರುವವರು ಬಿಡಿಸಿ ಹೇಳಿ, ಉದ್ದವಾದರೂ ಪರವಾಗಿಲ್ಲ.

ಹೆಜ್ಜೆ_ಜಾಡು:

ಮೇಡಂ, ಮೊದಲು ಆ "ಒಟ್ಟಾರೆ ವನ್ಯಜೀವಿ" ವಿಚಾರ. ನಕ್ಷೆ ಅಲ್ಲೇ ಎಡವಿದೆ. ಆನೆ ಒಂದೇ ರಾತ್ರಿಯಲ್ಲಿ ಮೂರ್ನಾಲ್ಕು ಎಸ್ಟೇಟು ದಾಟಿ ಹೋಗುತ್ತದೆ. ಹೊಳೆ ಪಕ್ಕದ ಒದ್ದೆ ತರಗೆಲೆಯಲ್ಲಿ ಬದುಕುವ ಕಪ್ಪೆಗೆ ಕಾದ ಡಾಂಬರು ರಸ್ತೆ ದಾಟುವುದೇ ಕಷ್ಟ. ಎರಡಕ್ಕೂ ಸೇರಿಸಿ ಒಂದೇ ನಕ್ಷೆ ಮಾಡಿದರೆ ಅದು ಎರಡಕ್ಕೂ ಸರಿ ಹೊಂದುವುದಿಲ್ಲ. ಯಾವ ಪ್ರಾಣಿ, ಎಷ್ಟು ವರ್ಷದ ಮಾತು, ಇದನ್ನು ಹೇಳದೆ ಯಾರಾದರೂ ಮಾಡೆಲ್ ಅಂತ ತೋರಿಸಿದರೆ ಅದು ಬರೀ ಬಣ್ಣದ ಚಿತ್ರ.

ಈ ಲೆಕ್ಕಗಳು ಶುರುವಾದದ್ದು ಸಮುದ್ರದ ದ್ವೀಪಗಳಿಂದ. 1967ರಲ್ಲಿ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಒಂದು ಪುಸ್ತಕ ಬರೆದರು. ದೊಡ್ಡ ದ್ವೀಪದಲ್ಲಿ ಜೀವಿಗಳ ಜಾತಿಗಳು ಜಾಸ್ತಿ, ದಡದಿಂದ ದೂರ ಇರುವ ದ್ವೀಪದಲ್ಲಿ ಕಡಿಮೆ. ಹೊಸದಾಗಿ ಬಂದು ಸೇರುವ ಜಾತಿಗಳು, ಅಲ್ಲೇ ಅಳಿದುಹೋಗುವ ಜಾತಿಗಳು, ಇವೆರಡೂ ಸಮವಾದ ಕಡೆ ಲೆಕ್ಕ ನಿಲ್ಲುತ್ತದೆ. ಸ್ವಲ್ಪ ವರ್ಷದಲ್ಲೇ ಜನ ಇದನ್ನು ಕಾಡಿನ ತುಂಡುಗಳಿಗೂ ಹಾಕಿ ನೋಡಿದರು. ವಿಸ್ತೀರ್ಣದ ಮೇಲೆ ಒಂದು ಘಾತ ಇಟ್ಟು ಜಾತಿಗಳ ಸಂಖ್ಯೆ ಅಂದಾಜು ಮಾಡುವುದು. ಆ ಘಾತ 0.25ರ ಆಸುಪಾಸು ಅಂತ ಹಿಡಿಯುವುದು ರೂಢಿ. ನೀವೇ ಹಾಕಿ ನೋಡಿ: ಕಾಡು ಅರ್ಧ ಹೋದರೆ ಕೊನೆಗೆ ಶೇ 16ರಷ್ಟು ಜಾತಿ ಹೋಗುತ್ತವೆ, ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದರೆ ಶೇ 44. ಘಾತವನ್ನು 0.15 ಮಾಡಿ, 44 ಇದ್ದದ್ದು 29ಕ್ಕೆ ಇಳಿಯುತ್ತದೆ. ಒಂದು ಸಣ್ಣ ಸಂಖ್ಯೆ ಬದಲಾದರೆ ಉತ್ತರ ಎಷ್ಟು ಅಲ್ಲಾಡುತ್ತದೆ ನೋಡಿ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ, ಅದನ್ನು ನೀವೇ ಹೇಳಿಬಿಟ್ಟಿದ್ದೀರಿ. ದ್ವೀಪದ ಸುತ್ತ ಇರುವುದು ಉಪ್ಪು ನೀರು. ನಿಮ್ಮ ಕಾಡಿನ ಸುತ್ತ ಇರುವುದು ಮರದ ನೆರಳಿರುವ ತೋಟ. ಕೊಡಗಿನಲ್ಲಿ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ, ಮೂರನ್ನೂ ಹೋಲಿಸಿ ಮರ, ಹಕ್ಕಿ, ಅಣಬೆ ಎಣಿಸಿದ ಅಧ್ಯಯನ 2005ರಲ್ಲಿ ಬಂತು. ದೇವರಕಾಡುಗಳು ಬಹಳ ಚಿಕ್ಕವು. ಆದರೂ ಅಲ್ಲಿ ಅಷ್ಟೊಂದು ಜೀವ ಇರುವುದಕ್ಕೆ ಸುತ್ತಲೂ ಮರಗಳಿರುವುದೂ ಒಂದು ಕಾರಣ. ಸುತ್ತ ಬರೀ ಬಯಲಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಬ್ರೆಜಿಲಿನ ಮನಾಸ್ ನಗರದ ಉತ್ತರಕ್ಕೆ, 1979ರಲ್ಲಿ, ಥಾಮಸ್ ಲವ್‌ಜಾಯ್ ಶುರುಮಾಡಿದ್ದು. ದನದ ಹುಲ್ಲುಗಾವಲಿಗೆ ಹೇಗೂ ಕಾಡು ಕಡಿಯುತ್ತಿದ್ದರು. ಕಡಿಯುವಾಗ 1, 10, 100 ಹೆಕ್ಟೇರಿನ ತುಂಡುಗಳನ್ನು ಉಳಿಸಿಕೊಂಡು, ಕಡಿಯುವ ಮುಂಚೆ ಏನಿತ್ತು, ಆಮೇಲೆ ಏನಾಯಿತು ಅಂತ ದಶಕಗಟ್ಟಲೆ ಎಣಿಸಿದರು. ಇರುವೆ ಸೈನ್ಯದ ಹಿಂದೆ ಹೋಗಿ ಹುಳ ಹಿಡಿದು ತಿನ್ನುವ ಹಕ್ಕಿಗಳು ಚಿಕ್ಕ ತುಂಡುಗಳಿಂದ ಬೇಗ ಮಾಯವಾದವು. ಅಂಚಿನಿಂದ 300 ಮೀಟರ್ ಒಳಗಿನ ದೊಡ್ಡ ಮರಗಳು ನಡುಗಾಡಿನ ಮರಗಳಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಬೇಗ ಸತ್ತವು. ಗಾಳಿ ಹೊಡೆತ, ಬಿಸಿಲು, ಒಣಗುವಿಕೆ. ಆಮೇಲೆ ಕೆಲವು ಹುಲ್ಲುಗಾವಲುಗಳನ್ನು ಬಿಟ್ಟುಬಿಟ್ಟರು, ಅಲ್ಲಿ ಎಳೆ ಕಾಡು ಎದ್ದಿತು, ಹೋಗಿದ್ದ ಹಕ್ಕಿಗಳಲ್ಲಿ ಕೆಲವು ತಿರುಗಿ ಬಂದವು. ತುಂಡಿನ ಗಾತ್ರ ಅದೇ, ಸುತ್ತಲಿನ ಜಾಗ ಬದಲಾಯಿತು, ಅಷ್ಟಕ್ಕೇ ಉತ್ತರ ಬದಲಾಯಿತು.

ಅಂಚಿನ ಲೆಕ್ಕವನ್ನು ನಿಮ್ಮ ಮಕ್ಕಳಿಗೆ ಕ್ಲಾಸಿನಲ್ಲೇ ಮಾಡಿಸಬಹುದು. ಚೌಕಾಕಾರದ 100 ಹೆಕ್ಟೇರ್ ಕಾಡು, ಒಂದು ಬದಿ 1 ಕಿಲೋಮೀಟರ್. ಅಂಚಿನ ಕೆಡುಕು 100 ಮೀಟರ್ ಒಳಗೆ ನುಗ್ಗುತ್ತದೆ ಅಂದುಕೊಂಡರೆ ಒಳಗೆ ಉಳಿಯುವುದು 64 ಹೆಕ್ಟೇರ್. 10 ಹೆಕ್ಟೇರಿನ ತುಂಡಿನಲ್ಲಿ ಉಳಿಯುವುದು ಸುಮಾರು ಒಂದೂಕಾಲು ಹೆಕ್ಟೇರ್ ಚಿಲ್ಲರೆ. 1 ಹೆಕ್ಟೇರಿನದರಲ್ಲಿ ಏನೂ ಉಳಿಯುವುದಿಲ್ಲ, ಪೂರ್ತಿ ಅಂಚೇ. ರಸ್ತೆಗೆ ಹೋಗುವ ಜಾಗ ಇಷ್ಟೇ ಎಕರೆ ಅಂತ ಸಭೆಯಲ್ಲಿ ಹೇಳುತ್ತಾರಲ್ಲ, ರಸ್ತೆಯ ಎರಡೂ ಬದಿಗೆ ಹೊಸದಾಗಿ ಹುಟ್ಟುವ ಅಂಚು ಆ ಎಕರೆಯಲ್ಲಿ ಸೇರಿರುವುದಿಲ್ಲ.

ಹೆಲ್ಸಿಂಕಿಯಿಂದ_ಶಿವಮೊಗ್ಗ:

ನಾನು ಈಗಿರುವ ಫಿನ್ಲೆಂಡಿನಲ್ಲೇ ಇದರ ಬಹಳ ದೊಡ್ಡ ಕೆಲಸ ನಡೆದಿದೆ, ಅದನ್ನು ಹೇಳಲೇಬೇಕು ಅನ್ನಿಸಿತು.

ಮೇಲಿನವರು ಹೇಳಿದ್ದು ಎಷ್ಟು ಜಾತಿ ಉಳಿಯುತ್ತವೆ ಅನ್ನುವ ಲೆಕ್ಕ. ಒಂದೇ ಜಾತಿ ಹಲವು ತುಂಡುಗಳಲ್ಲಿ ಹಂಚಿಹೋದಾಗ ಏನಾಗುತ್ತದೆ ಅನ್ನುವುದು ಬೇರೆ ಲೆಕ್ಕ. 1969ರಲ್ಲಿ ರಿಚರ್ಡ್ ಲೆವಿನ್ಸ್ ಇದಕ್ಕೆ ತುಂಬಾ ಸರಳ ಸಮೀಕರಣ ಕೊಟ್ಟರು. ಪ್ರಾಣಿ ಇರುವ ತುಂಡು ಖಾಲಿಯಾಗುವ ದರ ಒಂದು, ಖಾಲಿ ತುಂಡು ಬೇರೆ ಕಡೆಯಿಂದ ಬಂದ ಪ್ರಾಣಿಗಳಿಂದ ತುಂಬುವ ದರ ಇನ್ನೊಂದು. ಖಾಲಿಯಾಗುವ ದರ 0.2, ತುಂಬುವ ದರ 0.5 ಅಂತ ಇಟ್ಟುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಒಂದರಿಂದ ಕಳೆಯಿರಿ: 0.6. ಅಂದರೆ ಯಾವಾಗ ನೋಡಿದರೂ ನೂರರಲ್ಲಿ 60 ತುಂಡುಗಳಲ್ಲಿ ಪ್ರಾಣಿ ಇರುತ್ತದೆ, 40 ಖಾಲಿ. ಈಗ ಅರ್ಧ ತುಂಡುಗಳನ್ನು ಕಡಿದು ಹಾಕಿ. ಒಂದರ ಬದಲು 0.5ರಿಂದ ಕಳೆಯಬೇಕು: 0.1. ಉಳಿದ 50 ತುಂಡುಗಳಲ್ಲಿ 10ರಲ್ಲಿ ಮಾತ್ರ ಪ್ರಾಣಿ. 60 ತುಂಡು ಕಡಿದರೆ ಸೊನ್ನೆ. 40 ತುಂಡು ಚೆನ್ನಾಗಿಯೇ ನಿಂತಿವೆ, ಯಾರೂ ಮುಟ್ಟಿಲ್ಲ, ಆದರೂ ಆ ಪ್ರಾಣಿ ಅಳಿದುಹೋಗುತ್ತದೆ. ಯಾಕೆಂದರೆ ಖಾಲಿಯಾದ ತುಂಡಿಗೆ ಹೊಸ ಪ್ರಾಣಿ ಬಂದು ಸೇರುವಷ್ಟು ನೆಂಟರು ಅಕ್ಕಪಕ್ಕ ಉಳಿದಿಲ್ಲ. ನನಗೆ ಇದು ಮೊದಲ ಸಲ ಅರ್ಥವಾದಾಗ ನಿಜಕ್ಕೂ ಭಯ ಆಯಿತು. ಇವತ್ತು ಖಾಲಿ ಇದೆ ಅಂತ ಒಂದು ತುಂಡನ್ನು ಕಡಿಯುವುದು ಎಷ್ಟು ಅಪಾಯ ಅಂತ ಇದರಿಂದ ಗೊತ್ತಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ವಾಯವ್ಯದ ಹಳೆಯ ಕಾಡುಗಳ ಮಚ್ಚೆ ಗೂಬೆಗೆ ರಸ್ಸೆಲ್ ಲ್ಯಾಂಡೆ ಇದೇ ಜಾಡಿನ ಲೆಕ್ಕ ಹಾಕಿದ್ದರು.

ಲೆವಿನ್ಸ್ ಲೆಕ್ಕದಲ್ಲಿ ಎಲ್ಲಾ ತುಂಡುಗಳೂ ಒಂದೇ ಗಾತ್ರ, ಎಲ್ಲವೂ ಒಂದಕ್ಕೊಂದು ಒಂದೇ ದೂರ. ನಿಜದಲ್ಲಿ ಹಾಗಿರುವುದಿಲ್ಲ. ಇಲ್ಲಿನ ಇಲ್ಕ ಹನ್ಸ್ಕಿ ಅದನ್ನು ಸರಿಮಾಡಿದರು. ಫಿನ್ಲೆಂಡಿನ ಓಲಂಡ್ ದ್ವೀಪಗಳಲ್ಲಿ ಸುಮಾರು 4,000 ಒಣ ಹುಲ್ಲಿನ ಬಯಲುಗಳಿವೆ, ಬಹಳಷ್ಟು ತುಂಬಾ ಚಿಕ್ಕವು. ಅಲ್ಲಿ ಗ್ಲ್ಯಾನ್‌ವಿಲ್ ಫ್ರಿಟಿಲರಿ ಅನ್ನುವ ಚಿಟ್ಟೆ ಇದೆ. ಅದರ ಮರಿಹುಳಗಳು ಗುಂಪಾಗಿ ರೇಷ್ಮೆ ಎಳೆಯ ಗೂಡು ಕಟ್ಟಿ ಅದರೊಳಗೆ ಚಳಿಗಾಲ ಕಳೆಯುತ್ತವೆ. ಚಿಟ್ಟೆ ಹಿಂದೆ ಓಡುವುದು ಬೇಡ, ಚಳಿ ಶುರುವಾಗುವ ಮೊದಲು ವಿದ್ಯಾರ್ಥಿಗಳ ದಂಡು ಹೋಗಿ ಗೂಡು ಎಣಿಸಿದರೆ ಆಯಿತು. 1990ರ ದಶಕದ ಶುರುವಿನಿಂದ ವರ್ಷ ವರ್ಷವೂ ಎಣಿಸುತ್ತಾ ಬಂದಿದ್ದಾರೆ. 1994ರಲ್ಲಿ ಹನ್ಸ್ಕಿ ಪ್ರಕಟಿಸಿದ ಮಾಡೆಲ್‌ನಲ್ಲಿ ತುಂಡು ಚಿಕ್ಕದಾದಷ್ಟೂ ಖಾಲಿಯಾಗುವ ಸಂಭವ ಜಾಸ್ತಿ, ಚಿಟ್ಟೆ ಇರುವ ತುಂಡುಗಳು ದೂರವಾದಷ್ಟೂ ತುಂಬುವ ಸಂಭವ ಕಡಿಮೆ. ಪ್ರತಿ ವರ್ಷ ಎಷ್ಟೋ ಬಯಲುಗಳಲ್ಲಿ ಚಿಟ್ಟೆ ಅಳಿಯುತ್ತದೆ, ಎಷ್ಟೋ ಕಡೆ ಹೊಸದಾಗಿ ಸೇರುತ್ತದೆ, ಒಟ್ಟು ಬಳಗ ಮಾತ್ರ ಬದುಕಿರುತ್ತದೆ. ಒಂದು ಬಯಲನ್ನು ಮಾತ್ರ ನೋಡುತ್ತಾ ಕೂತವರಿಗೆ ಇದು ಕಾಣುವುದೇ ಇಲ್ಲ.

ಇನ್ನೊಂದು ಮಾತು. ಕಾಡು ಕಡಿದ ಮರುದಿನವೇ ಪ್ರಾಣಿ ಸಾಯುವುದಿಲ್ಲ. ಲೆವಿನ್ಸ್ ಲೆಕ್ಕ ಸೊನ್ನೆ ಅಂದರೂ ಆ ಸೊನ್ನೆಗೆ ಇಳಿಯಲು ಹತ್ತಾರು ತಲೆಮಾರು ಹಿಡಿಯಬಹುದು. ಡೇವಿಡ್ ಟಿಲ್‌ಮನ್ ಮತ್ತು ಜೊತೆಗಾರರು 1994ರಲ್ಲಿ ಇದಕ್ಕೆ ಅಳಿವಿನ ಸಾಲ ಅಂತ ಹೆಸರು ಕೊಟ್ಟರು. ಚಿಟ್ಟೆಗೆ ಒಂದು ತಲೆಮಾರು ಅಂದರೆ ಒಂದು ವರ್ಷ, ಹಾಗಾಗಿ ಓಲಂಡಿನಲ್ಲಿ ಸಾಲ ತೀರುವುದನ್ನು ಕಣ್ಣಾರೆ ನೋಡಬಹುದು. ಆನೆಗೆ ಹಾಗಲ್ಲ. ರಸ್ತೆ ಆಗಿ ಐದು ವರ್ಷವಾಯಿತು, ಆನೆ ಇನ್ನೂ ಇದೆ, ಆದ್ದರಿಂದ ತೊಂದರೆ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಏಲಕ್ಕಿ_ಮಲೆ:

ಎಲ್ಲಾ ಓದಿದೆ. ನಾನು ಆಲೂರು ಕಡೆ ತೋಟ ಮಾಡುವವನು, ವಿಜ್ಞಾನ ಓದಿದವನಲ್ಲ. ಒಂದೆರಡು ಮಾತು ಹೇಳಬೇಕು.

ತೋಟವೂ ಕಾಡಿನ ಹಾಗೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ಯಾವ ತೋಟ? ನಮ್ಮ ತಾತ ಬಿಟ್ಟುಹೋದ ತೋಟದಲ್ಲಿ ಅತ್ತಿ, ಹಲಸು, ನಂದಿ, ಹೊನ್ನೆ ಎಲ್ಲಾ ಇದ್ದವು. ಈಗ ಸುತ್ತಮುತ್ತ ನೋಡಿ, ಸಾಲು ಸಾಲು ಸಿಲ್ವರ್ ಓಕ್. ಕಡಿಯುವುದು ಸುಲಭ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಷ್ಟಕಾಲಕ್ಕೆ ಮಾರಬಹುದು. ನಾನು ಯಾರನ್ನೂ ದೂರುತ್ತಿಲ್ಲ, ಕಾಫಿ ರೇಟು ಬಿದ್ದ ವರ್ಷ ನಾವೆಲ್ಲ ಏನು ಮಾಡಬೇಕಿತ್ತು? ಆದರೆ ಮಂಗಟ್ಟೆಗೆ ಅತ್ತಿ ಹಣ್ಣು ಬೇಕು, ಗೂಡಿಗೆ ದೊಡ್ಡ ಪೊಟರೆ ಬೇಕು. ಸಿಲ್ವರ್ ಓಕ್‌ನಲ್ಲಿ ಎರಡೂ ಇಲ್ಲ. ಉಪಗ್ರಹದ ಚಿತ್ರದಲ್ಲಿ ಎರಡು ತೋಟವೂ ಹಸಿರಾಗಿಯೇ ಕಾಣುತ್ತವೆ ಅಲ್ವಾ? ನಿಮ್ಮ ಮಾಡೆಲ್‌ಗೆ ಈ ವ್ಯತ್ಯಾಸ ಗೊತ್ತಾ?

ಎರಡನೆಯದು ಆನೆ. ಇಲ್ಲಿ ಆನೆ ಓಡಾಡುತ್ತದೆ ಅನ್ನುವುದು ನಕ್ಷೆಯಲ್ಲಿ ಒಳ್ಳೆಯ ಸುದ್ದಿ. ನಮಗೆ ಅದು ಬೆಳಗ್ಗೆ ಕೂಲಿಯವರನ್ನು ತೋಟಕ್ಕೆ ಕಳಿಸುವಾಗ ಎದೆ ಹೊಡೆದುಕೊಳ್ಳುವ ವಿಚಾರ. ಸತ್ತವರ ಮನೆಗೆ ಹೋಗಿ ಬಂದಿದ್ದೇವೆ. 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆಯ ವರದಿ ಬಂತು, ಆನೆಗಳನ್ನು ಉಳಿಸಬೇಕಾದ ವಲಯ, ಜೊತೆಯಲ್ಲಿ ಬಾಳಬೇಕಾದ ವಲಯ, ಆನೆಗಳನ್ನು ತೆಗೆಯಬೇಕಾದ ವಲಯ ಅಂತ ಭಾಗ ಮಾಡಿ. ನಮ್ಮ ಆಲೂರು ಕಡೆಯಿಂದ 2014ರಲ್ಲಿ ಆನೆಗಳನ್ನು ಹಿಡಿದು ಸಾಗಿಸಿದರು. ಸ್ವಲ್ಪ ಕಾಲ ಸುಮ್ಮನಿತ್ತು, ಆಮೇಲೆ ಬೇರೆ ಆನೆಗಳು ಬಂದವು. ಇದನ್ನು ಯಾವ ಮಾಡೆಲ್ ಹೇಳುತ್ತದೆ?

ನಕ್ಷೆ_ಕೆಲಸ:

ಏಲಕ್ಕಿಯವರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಮೇಲಿನ ಲೆವಿನ್ಸ್ ಲೆಕ್ಕದಲ್ಲೇ ಇದೆ. ತುಂಡು ಖಾಲಿಯಾಯಿತು, ಹತ್ತಿರದಲ್ಲಿ ಆನೆ ಇರುವ ಕಾಡು ಹಾಗೇ ಇದೆ, ದಾರಿ ಹಾಗೇ ಇದೆ, ತಿನ್ನಲು ಬಾಳೆ, ಭತ್ತ, ಹಲಸು ಹಾಗೇ ಇವೆ. ತುಂಬುವ ದರ ಬದಲಾಗದೆ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ಅಲ್ಲಿ ಹುಟ್ಟುವುದಕ್ಕಿಂತ ಸಾಯುವುದು, ಸಾಗಿಸುವುದು ಜಾಸ್ತಿಯಾಗಿ, ಬೇರೆ ಕಡೆಯಿಂದ ಬರುವ ಪ್ರಾಣಿಗಳಿಂದಲೇ ಜಾಗ ತುಂಬಿರುವ ಸ್ಥಿತಿಯನ್ನು 1988ರಲ್ಲಿ ರೊನಾಲ್ಡ್ ಪುಲಿಯಂ ಲೆಕ್ಕಕ್ಕೆ ತಂದರು. ನೀರು ಬರುವ ಕಡೆ ಸೆಲೆ, ಹೋಗುವ ಕಡೆ ಗುಂಡಿ ಅನ್ನುವ ಅರ್ಥದ ಹೆಸರು ಅದಕ್ಕಿದೆ. ಪ್ರಾಣಿ ಕಂಡ ಜಾಗವೆಲ್ಲ ಅದಕ್ಕೆ ಒಳ್ಳೆಯ ಜಾಗ ಅಂತ ತಿಳಿಯುವುದು ತಪ್ಪು. ಆ ಜಾಗದಲ್ಲಿ ಅದು ಮರಿ ಹಾಕಿ ಸಾಕುತ್ತದಾ, ಎಷ್ಟು ವರ್ಷ ಬದುಕುತ್ತದೆ ಅಂತ ನೋಡಬೇಕು. ನಿಮ್ಮ ಮನೆಯವರ ಜೀವದ ವಿಚಾರವೂ ಆ ಲೆಕ್ಕದಲ್ಲಿ ಸೇರಬೇಕು, ಇದನ್ನು ನಾನು ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಜನ ರೋಸಿಹೋದ ಕಡೆ ನಕ್ಷೆಯ ಯಾವ ಕಾರಿಡಾರೂ (ಪ್ರಾಣಿಗಳ ಓಡಾಟಕ್ಕೆ ಬಿಟ್ಟ ದಾರಿ) ನಿಲ್ಲುವುದಿಲ್ಲ.

ಈಗ ಮೇಡಂ ಕೇಳಿದ ಬಣ್ಣಗಳು. ಅದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಮೊದಲು ನಕ್ಷೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಮಾಡುತ್ತೇವೆ. ಪ್ರತಿ ಚೌಕಕ್ಕೂ ಒಂದು ತಡೆಯ ಅಂಕ. ಹುಲಿಗೆ ದಟ್ಟ ಕಾಡು 1, ಕಾಫಿ ತೋಟ 10, ಗದ್ದೆ 30, ಹೆದ್ದಾರಿ 100, ಊರು 500, ಹೀಗೆ ಏನೋ ಒಂದು (ಇವು ಉದಾಹರಣೆಗೆ ಬರೆದ ಅಂಕಗಳು). ಆಮೇಲೆ ಎರಡು ಕಾಡುಗಳ ನಡುವೆ ಒಟ್ಟು ತಡೆ ಅತಿ ಕಡಿಮೆ ಬರುವ ದಾರಿ ಯಾವುದು ಅಂತ ಕಂಪ್ಯೂಟರಿಗೆ ಹುಡುಕಲು ಹೇಳುತ್ತೇವೆ. ಇದರಲ್ಲಿ ಒಂದು ಕೊರತೆ ಇದೆ. ಪ್ರಾಣಿಯ ಕೈಯಲ್ಲಿ ನಕ್ಷೆ ಇಲ್ಲ, ಅತಿ ಸುಲಭದ ಒಂದೇ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ 2000ದ ದಶಕದಲ್ಲಿ ಬ್ರಾಡ್ ಮೆಕ್‌ರೇ ವಿದ್ಯುತ್ ಸರ್ಕಿಟ್‌ನ ನಿಯಮವನ್ನೇ ತಂದರು. ಭೂಮಿಯ ಪ್ರತಿ ಚೌಕವೂ ಕರೆಂಟಿಗೆ ತಡೆ ಒಡ್ಡುವ ಒಂದು ರೆಸಿಸ್ಟರ್, ಒಂದು ಕಾಡಿನಿಂದ ಕರೆಂಟು ಬಿಟ್ಟರೆ ಇನ್ನೊಂದು ಕಾಡಿಗೆ ಎಲ್ಲಾ ದಾರಿಗಳಲ್ಲೂ ಹರಿಯುತ್ತದೆ, ತಡೆ ಕಡಿಮೆ ಇರುವ ಕಡೆ ಜಾಸ್ತಿ. ದಾರಿಗಳು ಹಲವು ಇದ್ದರೆ ಒಟ್ಟು ತಡೆ ಇಳಿಯುತ್ತದೆ, ಹತ್ತನೇ ತರಗತಿ ಸಮಾಂತರ ಜೋಡಣೆಯ ಪಾಠವೇ. ಎಲ್ಲಾ ಹರಿವೂ ಒಂದು ಇಕ್ಕಟ್ಟಿನಲ್ಲಿ ಸೇರುವ ಜಾಗ ಕಂಡರೆ ಅದು ಬಹಳ ಮುಖ್ಯ, ಅದು ಮುಚ್ಚಿದರೆ ಬದಲಿ ಇಲ್ಲ. ಸರ್ಕಿಟ್‌ಸ್ಕೇಪ್ ಅನ್ನುವ ಆ ಸಾಫ್ಟ್‌ವೇರ್ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಸಾಫ್ಟ್‌ವೇರ್ ಚೆನ್ನಾಗಿದೆ. ಆ ಅಂಕಗಳು ಎಲ್ಲಿಂದ ಬಂದವು? ಎಲ್ಲಾ ಇರುವುದು ಅಲ್ಲೇ. ಬಹಳ ವರದಿಗಳಲ್ಲಿ ನಾಲ್ಕು ಜನ ತಜ್ಞರು ಕೂತು ಅಂದಾಜಿನ ಮೇಲೆ ಹಾಕಿರುತ್ತಾರೆ. ಅದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ, ಬೇರೆ ಮಾಹಿತಿ ಏನೂ ಇಲ್ಲದಾಗ ಅಲ್ಲಿಂದಲೇ ಶುರುಮಾಡಬೇಕು. ಆದರೆ ಅದನ್ನು ಪ್ರಾಣಿಯ ಹತ್ತಿರವೇ ಕೇಳಿ ತಿದ್ದಬೇಕು. ಕಾಲರ್ ಹಾಕಿದ ಪ್ರಾಣಿಯ ಜಿಪಿಎಸ್ ಜಾಡು ಸಿಕ್ಕರೆ, ಅದು ಇಟ್ಟ ಪ್ರತಿ ಹೆಜ್ಜೆಯನ್ನೂ ಅದೇ ಜಾಗದಿಂದ ಇಡಬಹುದಾಗಿದ್ದ ಬೇರೆ ಹೆಜ್ಜೆಗಳ ಜೊತೆ ಹೋಲಿಸಿ, ಯಾವ ಜಾಗವನ್ನು ಬಯಸುತ್ತದೆ, ಯಾವುದನ್ನು ತಪ್ಪಿಸುತ್ತದೆ ಅಂತ ಅಂಕ ತೆಗೆಯಬಹುದು. ಇಲ್ಲದಿದ್ದರೆ ವಂಶವಾಹಿ. ಎರಡು ಕಾಡಿನ ಪ್ರಾಣಿಗಳ ಲದ್ದಿ, ಹಿಕ್ಕೆಯಿಂದ ಡಿಎನ್‌ಎ ತೆಗೆದು, ಅವು ಎಷ್ಟು ಬೆರೆತಿವೆ ಅಂತ ನೋಡಿ, ಯಾವ ತಡೆಯ ನಕ್ಷೆ ಆ ಬೆರಕೆಗೆ ಹೊಂದುತ್ತದೆ ಅಂತ ಪರೀಕ್ಷೆ ಮಾಡುವುದು. ಬೆಂಗಳೂರಿನ ಎನ್‌ಸಿಬಿಎಸ್‌ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ತಂಡ ಮಧ್ಯ ಭಾರತದಲ್ಲಿ ಹುಲಿ, ಚಿರತೆ, ಕರಡಿ, ಕಾಡುಬೆಕ್ಕು ನಾಲ್ಕಕ್ಕೂ ಹೀಗೆ ಮಾಡಿ 2020ರಲ್ಲಿ ಪ್ರಕಟಿಸಿತು. ನೆಲ ಅದೇ, ರಸ್ತೆ ಅದೇ, ಊರುಗಳು ಅವೇ. ನಾಲ್ಕಕ್ಕೂ ಬೇರೆ ಬೇರೆ ಉತ್ತರ ಬಂತು. ಮನುಷ್ಯರ ಓಡಾಟದಿಂದ ಹುಲಿಗೆ ತಡೆ ಜಾಸ್ತಿ, ಕಾಡುಬೆಕ್ಕಿಗೆ ಕಡಿಮೆ. "ಒಟ್ಟಾರೆ ವನ್ಯಜೀವಿ" ಅಂತ ಹೇಳಿದವರಿಗೆ ಇದನ್ನು ತೋರಿಸಬೇಕು.

ಚೌಕದ ಗಾತ್ರವನ್ನೂ ಕೇಳಿ ಮೇಡಂ. ಚೌಕ 1 ಕಿಲೋಮೀಟರಿನದಾದರೆ ನಿಮ್ಮ ರಸ್ತೆ ಅದರಲ್ಲಿ ಕರಗಿಹೋಗುತ್ತದೆ. ತೋಟದೊಳಗಿನ ಒಂದು ಹಳ್ಳದ ಬದಿಯ ಮರಗಳ ಸಾಲೂ ಕರಗಿಹೋಗುತ್ತದೆ, ಅಳಿಲಿಗೆ ಅದೇ ಹೆದ್ದಾರಿ. ಏಲಕ್ಕಿಯವರ ಮೊದಲ ಪ್ರಶ್ನೆಗೂ ಉತ್ತರ ಇದೇ: ಸಾಮಾನ್ಯ ಭೂಬಳಕೆ ನಕ್ಷೆಯಲ್ಲಿ ಅತ್ತಿ ಇರುವ ತೋಟಕ್ಕೂ ಸಿಲ್ವರ್ ಓಕ್ ತೋಟಕ್ಕೂ ವ್ಯತ್ಯಾಸ ಸಿಗುವುದಿಲ್ಲ. ನೆಲದ ಮೇಲೆ ನಡೆದು ಮರ ಎಣಿಸಿ ಸೇರಿಸಿದರೆ ಮಾತ್ರ ಸಿಗುತ್ತದೆ.

ಹಗಲು ರಾತ್ರಿಯ ವ್ಯತ್ಯಾಸವೂ ಇದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದಾರೆ. ಡಾಂಬರು ಅದೇ. ಆದರೆ ಮಧ್ಯಾಹ್ನ ಮತ್ತು ಮಧ್ಯರಾತ್ರಿ ಅದರ ತಡೆ ಬೇರೆ ಬೇರೆ. ಒಂದೇ ಅಂಕ ಹಾಕಿದ ಮಾಡೆಲ್‌ಗೆ ಇದು ಕಾಣುವುದಿಲ್ಲ. ಹಾಗೆಯೇ ಮಧ್ಯ ಭಾರತದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಪ್ರಾಣಿಗಳಿಗೆ ಅಂತ ಎತ್ತರಿಸಿ ಕಟ್ಟಿದ ಭಾಗಗಳಿವೆ, ಅತಿ ಉದ್ದದ್ದು 750 ಮೀಟರ್. ಭಾರತೀಯ ವನ್ಯಜೀವಿ ಸಂಸ್ಥೆಯವರು ಕ್ಯಾಮೆರಾ ಇಟ್ಟು ನೋಡಿದಾಗ ಹುಲಿಗಳೂ ಅದರ ಅಡಿಯಲ್ಲಿ ದಾಟುತ್ತಿರುವುದು ಸಿಕ್ಕಿತು.

ದೊಡ್ಡ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ವಿಚಾರಣೆ ಇರುತ್ತದೆ, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಮೊದಲೇ ಸಿಗಬೇಕು. ನಿಮ್ಮ ರಸ್ತೆ ಅದರಡಿ ಬಂದರೆ ಆ ತಡೆಯ ಅಂಕಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಒಂದೊಂದೇ ಅಂಕವನ್ನು ದುಪ್ಪಟ್ಟು ಮಾಡಿದರೆ, ಅರ್ಧ ಮಾಡಿದರೆ ಕೆಂಪು ಜಾಗ ಕೆಂಪಾಗಿಯೇ ಉಳಿಯುತ್ತದಾ ಅಂತಲೂ ಕೇಳಿ.

ಹೇಮಾವತಿ_ದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಂಚಿನ ಲೆಕ್ಕವನ್ನು ಒಂಬತ್ತನೇ ತರಗತಿಗೆ ಮಾಡಿಸಿದೆ, ಮಕ್ಕಳು ಮೌನವಾಗಿಬಿಟ್ಟರು, ಆಮೇಲೆ ಒಬ್ಬ ಹುಡುಗ ಉದ್ದ ಸಪೂರ ಇರುವ ಕಾಡಾದರೆ ಏನಾಗುತ್ತದೆ ಅಂತ ಕೇಳಿದ.

ಎರಡು ಸಂದೇಹ ಉಳಿದಿವೆ. ಸಮೀಕ್ಷೆಯವರು ಬಂದು ಕೆಲವು ದಿನ ನಡೆದು, ಕರಡಿ, ಸೀಳುನಾಯಿ ಸಿಗಲಿಲ್ಲ ಅಂತ ಬರೆದಿದ್ದಾರೆ. ಸಿಗಲಿಲ್ಲ ಅಂದರೆ ಇಲ್ಲ ಅಂತಲೇ? ಇನ್ನೊಂದು, ಕಾಡು ಕಡಿಮೆಯಾಗುವುದೇ ಸಮಸ್ಯೆ, ತುಂಡಾಗುವುದು ಅಂಥ ಸಮಸ್ಯೆ ಅಲ್ಲ ಅಂತ ಒಬ್ಬರು ವಾದ ಮಾಡಿದರು. ಅದು ನಿಜವಾ?

ಹೆಜ್ಜೆ_ಜಾಡು:

ಸಿಗಲಿಲ್ಲ ಅಂದರೆ ಇಲ್ಲ ಅಂತ ಅಲ್ಲವೇ ಅಲ್ಲ. ಕರಡಿ ಇದ್ದೂ ಒಂದು ಸುತ್ತಿನ ಸಮೀಕ್ಷೆಯಲ್ಲಿ ಅದರ ಗುರುತು ಸಿಗುವ ಸಂಭವ 0.3 ಅಂದುಕೊಳ್ಳಿ. ನಾಲ್ಕು ಸುತ್ತು ಹೋದರೂ ಒಂದು ಸಲವೂ ಸಿಗದೆ ಇರುವ ಸಂಭವ 0.7ರ ನಾಲ್ಕನೇ ಘಾತ, ಅಂದರೆ ಶೇ 24. ಎಂಟು ಸುತ್ತಿಗೆ ಅದು ಶೇ 6ಕ್ಕೆ ಇಳಿಯುತ್ತದೆ. ಕರಡಿ ಇರುವ ಕಡೆ ಒಂದೇ ಸುತ್ತು ಹೋಗಿ, ಸಿಗದಿದ್ದಾಗ ಇಲ್ಲ ಅಂತ ಬರೆದರೆ ನೂರಕ್ಕೆ 70 ಸಲ ಸುಳ್ಳು ಬರೆದ ಹಾಗೆ. ಡ್ಯಾರಿಲ್ ಮೆಕೆಂಝಿ ಮತ್ತು ಜೊತೆಗಾರರು 2002ರಲ್ಲಿ ಇದಕ್ಕೆ ಒಂದು ವಿಧಾನ ಕೊಟ್ಟರು. ಒಂದೊಂದು ಜಾಗಕ್ಕೂ ಹಲವು ಸಲ ಹೋಗಿ, ಸಿಕ್ಕಿತು, ಸಿಗಲಿಲ್ಲ ಅಂತ ಬರೆದುಕೊಂಡರೆ, ಪ್ರಾಣಿ ಇರುವ ಸಂಭವ ಮತ್ತು ಇದ್ದರೆ ಕಣ್ಣಿಗೆ ಬೀಳುವ ಸಂಭವ ಎರಡನ್ನೂ ಬೇರೆ ಬೇರೆ ಅಂದಾಜು ಮಾಡಬಹುದು. ತುಂಡು ಕಾಡಿನ ವಿಚಾರದಲ್ಲಿ ಇದು ಎಷ್ಟು ಮುಖ್ಯ ಅಂದರೆ, ಪೊದೆ ದಟ್ಟವಾಗಿರುವ ಚಿಕ್ಕ ತುಂಡಿನಲ್ಲಿ ಪ್ರಾಣಿ ಇದ್ದರೂ ಕಾಣುವುದು ಕಷ್ಟ. ಕಾಣದ್ದನ್ನು ಇಲ್ಲ ಅಂತ ಹಿಡಿದರೆ ಆಮೇಲಿನ ಎಲ್ಲಾ ಲೆಕ್ಕವೂ ಕೆಡುತ್ತದೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಕ್ಯಾಮೆರಾಕ್ಕೆ ಬೀಳದ ಹುಲಿಗಳನ್ನೂ ಲೆಕ್ಕಕ್ಕೆ ತಂದದ್ದು ಇದೇ ಯೋಚನೆಯಿಂದ.

ತಲೆ ಎಣಿಸಿದ್ದೂ ಸಾಕಾಗುವುದಿಲ್ಲ. ತಮಿಳುನಾಡಿನ ವಾಲ್ಪಾರೈ ಸುತ್ತ ಚಹಾ ತೋಟಗಳ ನಡುವೆ ಮಳೆಕಾಡಿನ ಸಣ್ಣ ತುಂಡುಗಳಿವೆ. ಪುದುತೋಟ್ಟಂ ಅನ್ನುವ ತುಂಡು 100 ಹೆಕ್ಟೇರೂ ಇಲ್ಲ. ಅಲ್ಲಿ ಸಿಂಗಳೀಕಗಳ ಸಂಖ್ಯೆ ಏರಿ, ಮರದ ಮೇಲೇ ಬದುಕುವ ಆ ಪ್ರಾಣಿ ನೆಲಕ್ಕಿಳಿದು, ರಸ್ತೆ ದಾಟಿ, ಮನೆಗಳ ಕಡೆ ಬರುತ್ತಿದೆ. ರಸ್ತೆ ಮೇಲೆ ಅವುಗಳಿಗೆ ತೂಗುಸೇತುವೆ ಕಟ್ಟಬೇಕಾಯಿತು. ಒತ್ತಾಗಿ ತುಂಬಿರುವುದನ್ನು ನೋಡಿ ಚೆನ್ನಾಗಿದೆ ಅಂತ ಹೇಳಲು ಆಗುತ್ತದಾ? ನಮ್ಮ ಶಿರಸಿ, ಹೊನ್ನಾವರ ಕಾಡುಗಳಲ್ಲಿ ಸಿಂಗಳೀಕಕ್ಕೆ ಇನ್ನೂ ಅಖಂಡ ಮರದ ಮೇಲ್ಛಾವಣಿ ಇದೆ. 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಆಗಿದ್ದು ಅದಕ್ಕೇ. ಅದು ತುಂಡಾಗದಂತೆ ಕಾಯುವುದು ತುಂಡಾದ ಮೇಲೆ ಹಗ್ಗದ ಸೇತುವೆ ಕಟ್ಟುವುದಕ್ಕಿಂತ ಎಷ್ಟೋ ಸುಲಭ.

ನಿಮ್ಮ ಎರಡನೇ ಪ್ರಶ್ನೆ ವಿಜ್ಞಾನಿಗಳ ನಡುವೆಯೇ ಜೋರಾಗಿ ನಡೆಯುತ್ತಿರುವ ಜಗಳ. ಕೆನಡಾದ ಲೆನೋರ್ ಫಾರಿಗ್ 2003ರಿಂದ ಹೇಳುತ್ತಿರುವುದು ಇದು: ಕಾಡು ಕಡಿಮೆಯಾದದ್ದು ಒಂದು, ಉಳಿದ ಕಾಡು ತುಂಡಾಗಿರುವುದು ಇನ್ನೊಂದು, ಎರಡನ್ನೂ ಬೇರೆ ಮಾಡಿ ಅಳೆಯಬೇಕು. ಬೇರೆ ಮಾಡಿ ನೋಡಿದರೆ ಬರೀ ತುಂಡಾಗುವುದರ ಪರಿಣಾಮ ಚಿಕ್ಕದು, ಎಷ್ಟೋ ಸಲ ಒಳ್ಳೆಯದೂ ಹೌದು ಅನ್ನುತ್ತಾರೆ. ನಿಕ್ ಹದಾದ್ ಮತ್ತು ಇನ್ನೂ ಹಲವರು 2015ರಲ್ಲಿ ಬೇರೆ ಬೇರೆ ಖಂಡಗಳ ದೀರ್ಘಕಾಲದ ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಜೀವವೈವಿಧ್ಯ ಶೇ 13ರಿಂದ 75ರವರೆಗೆ ಇಳಿಯುತ್ತದೆ ಅಂದರು. ಪ್ರಪಂಚದಲ್ಲಿ ಉಳಿದ ಕಾಡಿನ ಶೇ 70ರಷ್ಟು ಅಂಚಿನಿಂದ 1 ಕಿಲೋಮೀಟರ್ ಒಳಗೇ ಇದೆ ಅಂತಲೂ ಅವರೇ ಲೆಕ್ಕ ಕೊಟ್ಟರು. ಫಾರಿಗ್ ಅವರ ಮಾತಿನಲ್ಲಿ ನನಗೆ ತುಂಬಾ ಹಿಡಿಸುವುದು ಒಂದಿದೆ, ಚಿಕ್ಕ ತುಂಡು ಅಂತ ಯಾವುದನ್ನೂ ಬಿಡಬೇಡಿ, ಚಿಕ್ಕವೆಲ್ಲ ಸೇರಿದರೆ ದೊಡ್ಡದೇ. ದೇವರಕಾಡುಗಳಿರುವ ನಾಡಿನವರಿಗೆ ಅದು ಬೇಗ ಅರ್ಥವಾಗುತ್ತದೆ. ಆದರೆ ಅದೇ ಮಾತನ್ನು ಎತ್ತಿಕೊಂಡು, ನಡುಗಾಡಿನಲ್ಲಿ ರಸ್ತೆ ಎಳೆದರೂ ಪರವಾಗಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ರಸ್ತೆ ಕಾಡನ್ನು ತುಂಡು ಮಾಡುವುದರ ಜೊತೆಗೆ ಪ್ರಾಣಿಗಳನ್ನು ಸಾಯಿಸುತ್ತದೆ, ಹೊಸ ಅಂಗಡಿ, ಹೊಸ ಮನೆ, ಹೊಸ ಅಂಚು ಎಲ್ಲವನ್ನೂ ತರುತ್ತದೆ. ಆಗಿರುವ ತುಂಡುಗಳ ಬಗ್ಗೆ ಬಂದ ಲೆಕ್ಕವನ್ನು ಹೊಸದಾಗಿ ತುಂಡು ಮಾಡಲು ಪರವಾನಗಿ ಅಂತ ಬಳಸಬಾರದು.

ಎಷ್ಟು ನಂಬಬಹುದು ಅಂತ ಮೊದಲೇ ಕೇಳಿದ್ದಿರಿ. ಅದಕ್ಕೆ ಒಂದು ಉದಾಹರಣೆ ಸಾಕು. ಲಾಸ್ ಏಂಜಲಿಸ್ ಪಕ್ಕದ ಸಾಂಟಾ ಮೋನಿಕಾ ಗುಡ್ಡಗಳಲ್ಲಿ ಕೆಲವೇ ಪೂಮಾಗಳು (ಅಮೆರಿಕದ ದೊಡ್ಡ ಕಾಡುಬೆಕ್ಕಿನ ಜಾತಿ) ಹೆದ್ದಾರಿ ಮತ್ತು ಸಮುದ್ರದ ನಡುವೆ ಸಿಕ್ಕಿಬಿದ್ದಿವೆ. 2016ರಲ್ಲಿ ಪ್ರಕಟವಾದ ಮಾಡೆಲ್ ಪ್ರಕಾರ, ಹುಟ್ಟು ಸಾವಿನ ಲೆಕ್ಕ ಮಾತ್ರ ಹಾಕಿದರೆ 50 ವರ್ಷದಲ್ಲಿ ಅವು ಅಳಿಯುವ ಸಂಭವ ಶೇ 15ರಿಂದ 22. ರಕ್ತಸಂಬಂಧದಲ್ಲೇ ಕೂಡಿ ಮರಿಗಳು ದುರ್ಬಲವಾಗುವುದನ್ನೂ ಸೇರಿಸಿದರೆ ಶೇ 99ಕ್ಕಿಂತ ಜಾಸ್ತಿ. ಪ್ರಾಣಿ ಅವೇ, ಗುಡ್ಡ ಅದೇ. ಲೆಕ್ಕಕ್ಕೆ ಏನು ಸೇರಿಸಿದರು, ಏನು ಬಿಟ್ಟರು ಅನ್ನುವುದರ ಮೇಲೆ ಉತ್ತರ ಪೂರ್ತಿ ತಿರುಗಿತು. ಆಗಾಗ ಹೊರಗಿನಿಂದ ಒಂದು ಪೂಮಾ ಬಂದು ಸೇರಿದರೂ ಅಳಿವಿನ ಸಂಭವ ಬಹಳ ಇಳಿಯುತ್ತದೆ ಅಂತಲೂ ಅದೇ ಮಾಡೆಲ್ ತೋರಿಸಿತು. 2022ರಲ್ಲಿ ಆ ಹೆದ್ದಾರಿ ಮೇಲೆ ಪ್ರಾಣಿಗಳಿಗೆ ಸೇತುವೆ ಕಟ್ಟಲು ಶುರುಮಾಡಿದರು. ಈ ತರಹದ ಲೆಕ್ಕವನ್ನು ನಾನು ನಂಬುತ್ತೇನೆ. ಇಂಥದ್ದು ಸೇರಿಸಿದರೆ ಹೀಗೆ, ಬಿಟ್ಟರೆ ಹೀಗೆ ಅಂತ ಎರಡನ್ನೂ ಬಿಚ್ಚಿಟ್ಟಿದ್ದಾರೆ.

ಏಲಕ್ಕಿ_ಮಲೆ:

ಸರ್, ಹಾಗಾದರೆ ನಾವು ತೋಟದವರು ಏನಾದರೂ ಬರೆದಿಟ್ಟರೆ ಉಪಯೋಗ ಇದೆಯಾ? ಕಾರ್ಮಿಕರಿಗೆ ಪ್ರಾಣಿಗಳ ಗುರುತು ನಮಗಿಂತ ಚೆನ್ನಾಗಿ ಗೊತ್ತು.

ಹೆಜ್ಜೆ_ಜಾಡು:

ಖಂಡಿತ ಇದೆ. ಒಂದೇ ದಾರಿಯನ್ನು ಆರಿಸಿಕೊಳ್ಳಿ, ರಸ್ತೆಯ ಎರಡು ಕಿಲೋಮೀಟರ್ ಆದರೂ ಸಾಕು, ವಾರಕ್ಕೆ ಒಂದು ಸಲ ಒಂದೇ ಹೊತ್ತಿಗೆ ನಡೆಯಿರಿ. ಸತ್ತ ಪ್ರಾಣಿ, ಹೆಜ್ಜೆ, ಲದ್ದಿ, ಏನು ಕಂಡರೂ ತಾರೀಖು, ಸಮಯ, ಫೋನಿನ ಜಿಪಿಎಸ್ ಜೊತೆ ಬರೆಯಿರಿ. ಏನೂ ಕಾಣದ ದಿನವೂ ನಡೆದದ್ದನ್ನು ಬರೆಯಲೇಬೇಕು, ಕಾಣದ ದಿನಗಳಿಲ್ಲದಿದ್ದರೆ ಮೇಲಿನ ಯಾವ ಲೆಕ್ಕವೂ ಹಾಕಲು ಆಗುವುದಿಲ್ಲ. ರಸ್ತೆಯಿಂದ ದೂರದ, ಅದೇ ತರಹದ ಇನ್ನೊಂದು ದಾರಿಯಲ್ಲೂ ಹೀಗೇ ನಡೆದರೆ ಇನ್ನೂ ಒಳ್ಳೆಯದು, ಆಗ ಬದಲಾವಣೆ ರಸ್ತೆಯಿಂದ ಬಂತಾ, ಆ ವರ್ಷದ ಮಳೆಯಿಂದ ಬಂತಾ ಅಂತ ಬೇರೆ ಮಾಡಬಹುದು. ಕೆಲಸ ಶುರುವಾಗುವ ಮೊದಲಿನ ಮಾಹಿತಿ ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ, ಹಾಗಾಗಿ ಈ ವಾರವೇ ಶುರುಮಾಡಿ. ಮರಗಳ ಪಟ್ಟಿಯನ್ನೂ ಮಾಡಿ, ಅತ್ತಿ ಎಷ್ಟು, ಸಿಲ್ವರ್ ಓಕ್ ಎಷ್ಟು, ಪೊಟರೆ ಇರುವ ದೊಡ್ಡ ಮರ ಎಷ್ಟು. ನಕ್ಷೆಯವರೇ, ಇವರ ಪಟ್ಟಿ ಬಂದರೆ ತೋಟಗಳನ್ನು ಒಂದೇ ಬಣ್ಣದಿಂದ ಬಿಡಿಸಿ ಎರಡು ಮೂರು ದರ್ಜೆ ಮಾಡಿ, ಮಂಗಟ್ಟೆಗೆ ಒಂದು, ಆನೆಗೆ ಒಂದು ನಕ್ಷೆ ಹಾಕಿಕೊಡುತ್ತೀರಾ?

ನಕ್ಷೆ_ಕೆಲಸ:

ಹಾಕಿಕೊಡುತ್ತೇನೆ. ಮರಗಳ ಪಟ್ಟಿ ಎಕ್ಸೆಲ್‌ನಲ್ಲಿ ಇರಲಿ, ತೋಟದ ಗಡಿಯ ಮೂಲೆಗಳ ಜಿಪಿಎಸ್ ಬೇಕು. ಅಳಿಲಿಗೂ ಒಂದು ಮಾಡೋಣ, ಅದಕ್ಕೆ ಕೊಂಬೆಗೆ ಕೊಂಬೆ ತಾಗುವ ಜಾಗ ಎಲ್ಲಿ ಕಡಿದುಹೋಗಿದೆ ಅಂತ ಗುರುತು ಹಾಕಿಕೊಂಡು ಬನ್ನಿ.